ಸ್ಟಾಕಿಲ್ಲ

ಗಾಜಿನೊಳಗಿರುವುದು ಹೊಸ ಗೇಮ್ ಕನ್ಸೋಲಿನ ಬರೀ ಡಬ್ಬ,
ತೂಕಕ್ಕೊಂದು ಇಟ್ಟಿಗೆ ಚೂರು.
ದಿನಾ ಒರೆಸುತ್ತೇನೆ.

ಎಸ್ಪಿ ರೋಡಿನ ಈ ಮೂರಡಿ ಕೌಂಟರಿನಲ್ಲಿ
ಬೆಳಗಿನಿಂದ ನಲವತ್ತು ಸಲ ‘ಇಲ್ಲ’.
ಒಬ್ಬ ಬೈದ. ಇನ್ನೊಬ್ಬ, ಮೇಲೆ ಆರು ಸಾವಿರ ಎಂದು
ಕಿವಿಗೆ ಬಾಯಿಟ್ಟ. ಮತ್ತೊಬ್ಬ ಸುಮ್ಮನೆ
ಡಬ್ಬದ ಫೋಟೋ ತೆಗೆದುಕೊಂಡು ಹೋದ.

ವಾರದ ರಜೆಗೆ ಬರುತ್ತಾರೆ ಕಂಡಕ್ಟರ್ ಭಾಗೀರಥಿ,
ಇದು ಐದನೇ ಮಂಗಳವಾರ.
ಮಗನಿಗಾ ಮೇಡಂ?
‘ನನಗೇ ಕಣಪ್ಪ.
ಇಪ್ಪತ್ತೆರಡು ವರ್ಷ ರೈಟ್ ರೈಟ್ ಅಂದೆ,
ಒಂದಿನ ಸ್ಟೇರಿಂಗು ಹಿಡೀಬೇಕು.’

ಮುಂದಿನ ವಾರ ಗ್ಯಾರಂಟಿ ಬರುತ್ತೆ, ಅಂದೆ.
ಡಬ್ಬ ನೋಡಿದರು, ನನ್ನನ್ನು ನೋಡಿದರು.
‘ಹತ್ತೋಕೆ ಬಂದೋರಿಗೆ ನಾನೂ ದಿನಾ ಹೇಳ್ತೀನಿ,
ಹಿಂದೆ ಖಾಲಿ ಬಸ್ಸು ಬರ್ತಿದೆ ಅಂತ.’