ಸೋಪಿಗೆ ಹೋಗಲ್ಲ

ಸೀರೆಗೆ ಫಾಲ್ಸ್ ಹಚ್ಚುವುದೆಂದರೆ ಇಷ್ಟೇ:
ಒಳಗೆ ಬಿಗಿಯಾಗಿರಬೇಕು,
ಮೇಲೆ ಹೊಲಿಗೆ ಕಾಣಬಾರದು.
ಕಾಮಾಕ್ಷಿಪಾಳ್ಯದ ಮೂರನೇ ಕ್ರಾಸಿನಲ್ಲಿ
ಹದಿಮೂರು ವರ್ಷದಿಂದ ನನ್ನ ಅನ್ನ ಅದು.
ಸೀರೆಗೆ ಎಂಬತ್ತು ರೂಪಾಯಿ,
ರೇಷ್ಮೆಯಾದರೆ ನೂರಿಪ್ಪತ್ತು.
ಒಮ್ಮೆಯೂ ನೂಲಿನ ಬಣ್ಣ ತಪ್ಪಿದ್ದಿಲ್ಲ.

ಮನೆಯೊಳಗೂ ಹಾಗೇ ಒಂದನ್ನು ಹಚ್ಚಿದೆ.
ನಿಮ್ಮಪ್ಪ ಮಸ್ಕತ್‌ನಲ್ಲಿದ್ದಾರೆ ಮೋನಿ,
ಎಸಿ ರಿಪೇರಿ ಕೆಲಸ, ಅಲ್ಲಿ ರಜೆ ಕೊಡಲ್ಲ.
ಅವಳಿಗಾಗ ಒಂಬತ್ತು.
ನಂಬುವ ವಯಸ್ಸೋ
ನಂಬಿದಂತೆ ಇರುವ ವಯಸ್ಸೋ, ಯಾರಿಗೆ ಗೊತ್ತು.
ವರ್ಷಕ್ಕೊಮ್ಮೆ ರಸೆಲ್ ಮಾರ್ಕೆಟ್ಟಿನಲ್ಲಿ
ಖರ್ಜೂರದ ಡಬ್ಬಿ, ಒಂದು ಅತ್ತರಿನ ಬಾಟಲಿ ಕೊಂಡು
ಬ್ರೌನ್ ಟೇಪು ಸುತ್ತಿ
ಎಡಗೈಯಲ್ಲಿ ಅವಳ ಹೆಸರು ಬರೆಯುತ್ತಿದ್ದೆ.
ಲೋಕೇಶನ ಅಕ್ಷರ ನನ್ನದಕ್ಕಿಂತ ಕೆಟ್ಟದು.

ಬುಧವಾರ, ಚಿಕ್ಕಪೇಟೆಯಿಂದ ನೂಲು ತರ್ತೀನಿ ಅಂತ ಹೊರಟು
ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ
ಪರಪ್ಪನ ಅಗ್ರಹಾರದ ಸಾಲಿನಲ್ಲಿ ನಿಲ್ಲುತ್ತಿದ್ದೆ.
ಆಧಾರ್ ತೋರಿಸು, ಮಣಿಕಟ್ಟು ಚಾಚು.
ನೇರಳೆ ಮುದ್ರೆ ಒತ್ತುತ್ತಾರೆ;
ಒಳಗೆ ಹೋದವಳು ಹೊರಗಿನವಳೇ ಎಂಬುದಕ್ಕೆ
ಅದೊಂದೇ ಸಾಕ್ಷಿ.
ಜಾಲರಿಯ ಎರಡೂ ಕಡೆ
ಇಪ್ಪತ್ತು ಜನ ಒಟ್ಟಿಗೆ ಕೂಗುವಾಗ
ಪ್ರೀತಿಗೂ ಜಗಳಕ್ಕೂ ಒಂದೇ ಸದ್ದು.
ವಾಪಸು ಬರುವಾಗ ಬಸ್ಸಿನಲ್ಲಿ
ಕೈ ಸೆರಗಿನಡಿ.

ಆಮೇಲೆ ಹೋಗುವುದು ಬಿಟ್ಟೆ.
ಯಾಕೆ ಅಂತ ಕೇಳಬೇಡಿ. ಮಂಡಿನೋವು ಅಂದುಕೊಳ್ಳಿ.
ಎಂಟು ತಿಂಗಳಿಂದ ಬುಧವಾರ
ನಿಜವಾಗಿಯೂ ಚಿಕ್ಕಪೇಟೆಗೆ ಹೋಗಿ
ನಿಜವಾಗಿಯೂ ನೂಲು ತರುತ್ತೇನೆ.
ಮನೆ ತುಂಬ ಈಗ
ಮೊಮ್ಮಕ್ಕಳ ಕಾಲಕ್ಕೂ ಸವೆಯದಷ್ಟು ನೂಲು.

ಮೋನಿಗೆ ಹದಿನೇಳು, ಸೆಕೆಂಡ್ ಪಿಯು.
ನನ್ನ ಜೊತೆ ಮಾತೆಂದರೆ
ಚಾರ್ಜರ್ ಎಲ್ಲಿ, ದುಡ್ಡು ಬೇಕು, ಲೈಟ್ ಆರಿಸು.
ಬಾಗಿಲಿಲ್ಲದ ಕೋಣೆಗೆ ಹಳೇ ದುಪಟ್ಟಾ ಕಟ್ಟಿದ್ದಾಳೆ,
ಅದನ್ನೇ ದಢಾರನೆ ಹಾಕಬಲ್ಲಳು.

ಮೊನ್ನೆ ಸಂಜೆ ಬಂದವಳು ನೇರ ಬಚ್ಚಲಿಗೆ ಹೋದಳು.
ನೀರಿನ ಸದ್ದು ನಿಲ್ಲಲೇ ಇಲ್ಲ.
ಕಾವೇರಿ ಬರುವುದು ವಾರಕ್ಕೆರಡು ದಿನ,
ಬೈಯಬೇಕೆಂದೇ ಎದ್ದೆ.
ಅರ್ಧ ತೆರೆದ ಬಾಗಿಲಲ್ಲಿ ಅವಳ ಬೆನ್ನು,
ಬಟ್ಟೆ ಸೋಪು, ಪಾತ್ರೆ ತಿಕ್ಕುವ ನಾರು,
ಕೆಂಪಗೆ ಸುಲಿದ ಮಣಿಕಟ್ಟು.
ಅದರ ನಡುವೆ ಜಪ್ಪಯ್ಯ ಅನ್ನದೆ ಕೂತ
ಒಂದು ಚೂರು ನೇರಳೆ.

ಯಾರ ಜೊತೆ ಹೋದೆ ಅಂತ ಕೇಳಬೇಕಿತ್ತು.
ಯಾವಾಗಿಂದ ಗೊತ್ತು ಅಂತ ಕೇಳಬೇಕಿತ್ತು.
ನಾಲಿಗೆ ಬೇರೆಯೇ ಹೇಳಿತು:
"ಸೋಪಿಗೆ ಹೋಗಲ್ಲ ಅದು.
ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡು."

ನಲ್ಲಿ ನಿಂತಿತು.
ಪಕ್ಕದ ಶೆಡ್ಡಿನ ಲೇತು ಮಾತ್ರ
ಏನೂ ಆಗದವರಂತೆ ಕಬ್ಬಿಣ ಹೆರೆಯುತ್ತಿತ್ತು.

ತಿರುಗಿದಳು. ಕೋಪ ಇತ್ತು,
ನಾನು ಕಾಯುತ್ತಿದ್ದ ಕೋಪವಲ್ಲ.
"ಖರ್ಜೂರದ ಡಬ್ಬಿ ಅಡೀಲಿ
ಪ್ರತಿ ಸಲ ರೂಪಾಯಿ ಸ್ಟಿಕ್ಕರ್ ಇರ್ತಿತ್ತು.
ನಾನೇ ಕಿತ್ತು ಹಾಕ್ತಿದ್ದೆ,
ನಿಂಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ."
ಆಮೇಲೆ, "ಲಗ್ಗೆರೆ ಅಜ್ಜಿ ಕರ್ಕೊಂಡು ಹೋದ್ರು."
(ಆ ಮುದುಕಿ ನನ್ನ ಹೊಸಿಲು ತುಳಿದು ಆರು ವರ್ಷ.)
ಆಮೇಲೆ ಬಹಳ ಹೊತ್ತು ಬಿಟ್ಟು,
"ಅಪ್ಪಂಗೆ ಮುಂದಿನ ಎರಡು ಹಲ್ಲೇ ಇಲ್ಲ.
ನೀನು ಯಾಕೆ ಹೇಳ್ಲಿಲ್ಲ?"

ನನಗೆ ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಅನ್ನಲೂ ಬಾಯಿ ಬರಲಿಲ್ಲ.

ಡಿಸೆಂಬರಿನ ಚಳಿಗೆ ಎಣ್ಣೆ
ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.
ಒಲೆಯ ಪಕ್ಕ ಇಟ್ಟು ಕಾದೆವು,
ಅವಳು ಮುಖ ಗೋಡೆಗೆ ಮಾಡಿ
ಕೈ ಮಾತ್ರ ನನ್ನ ಕಡೆ ಚಾಚಿಕೊಂಡು.
ಎರಡು ಹಲ್ಲು.
ಮೇಲಿನವೋ ಕೆಳಗಿನವೋ
ಕೇಳಬೇಕು ಅಂದುಕೊಂಡೆ.