ತಳ್ಳುಕೋಲು

ಸಿದ್ದಾಪುರದ ಪೇಟೆ ಮುಗಿಯುವಲ್ಲಿ
ಹಿಟ್ಟಿನ ಗಿರಣಿಗೆ ಒರಗಿದಂತೆ ಚಾತು ಆಚಾರಿಯ ಶೆಡ್ಡು.
ಕೆಲಸಕ್ಕೆ ಸೇರಿದ ದಿನ ಮೊದಲು ನೋಡಿದ್ದು ಅವರ ಕೈ.
ಮೂವತ್ತೆಂಟು ವರ್ಷ ಗರಗಸದ ಜತೆ ಬಾಳಿದ ಕೈ,
ಒಂದು ಬೆರಳಾದರೂ ಮೊಂಡಾಗಿರಬೇಕಲ್ಲ!
ಹತ್ತೂ ಇದ್ದವು, ಉಗುರು ಸಮೇತ.
ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಮೊದಲ ವಾರ ಮಿಷನ್ ಮುಟ್ಟಲು ಬಿಡಲಿಲ್ಲ.
ಹೊಟ್ಟು ಗುಡಿಸು. ಕಬ್ಬಿಣ ಹುಡುಕು.
"ಈ ಸಿಲ್ವರ್ ಮರ ತೋಟದ ಬೇಲಿಗೆ ನಿಂತದ್ದು,
ಎಷ್ಟು ಮುಳ್ಳುತಂತಿ ನುಂಗಿದೆಯೋ.
ಹೊರಗೆ ನೋಡಿದರೆ ಏನೂ ತಿಂದೇ ಇಲ್ಲ ಅನ್ನುವ ಮುಖ."
ಅಯಸ್ಕಾಂತಕ್ಕೆ ದಾರ ಕಟ್ಟಿ
ಹಲಗೆಯುದ್ದಕ್ಕೂ ಇಳಿಬಿಟ್ಟುಕೊಂಡು ನಡೆದೆ.
ಗಂಟಿನ ಬಳಿ ದಾರ ಓರೆಯಾಯಿತು.

ತೋಳು ಮಡಚು. ಕೈಗಡಗ ಬಿಚ್ಚು.
ಗ್ಲೌಸು ಬೇಡ, ಹಲ್ಲಿಗೆ ಸಿಕ್ಕರೆ ಬಟ್ಟೆಯ ಹಿಂದೆ ನೀನೂ ಹೋಗುತ್ತೀಯ.
ಕನ್ನಡಕ ಮಂಜಾಗುತ್ತದೆ ಅಂದೆ.
"ಒರೆಸಿಕೋ. ಕಣ್ಣನ್ನು ಬಿಚ್ಚಿ ಒರೆಸಲು ಬರುವುದಿಲ್ಲ."
ಹಲಗೆಯ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ಬಾ.
ಯಾಕೆ ಎಂದು ಕೇಳುವ ಮೊದಲೇ ಗೋಡೆ ಕಂಡಿತು.
ನನ್ನ ಹೊಕ್ಕುಳಿನ ಎತ್ತರಕ್ಕೆ ಗಾರೆಯಲ್ಲಿ ಒಂದು ಗುಳಿ.
ಅದರ ಮೇಲೆ ಅವರು ಕ್ಯಾಲೆಂಡರು ತೂಗುಹಾಕಿರಲಿಲ್ಲ.

ಒಂದು ಮಧ್ಯಾಹ್ನ, ಮಾಲ್ದಾರೆ ಕಡೆ
ಆನೆ ಬೈನೆ ಮರ ಕೆಡವಿ ಲೈನು ಹರಿಯಿತು.
ಗರಗಸ ಅರ್ಧ ಹಲಸಿನೊಳಗೆ ನಿಂತುಬಿಟ್ಟಿತು.
ಸಂಜೆಯವರೆಗೆ ಕರೆಂಟಿಲ್ಲ ಎಂದು ಎಲ್ಲರೂ ಚಹಾಕ್ಕೆ ಎದ್ದರು.
ಹಲ್ಲಿನ ಸಂದಿಯಲ್ಲಿ ಒಂದು ಚಕ್ಕೆ ಸಿಕ್ಕಿಕೊಂಡಿತ್ತು,
ಕೈ ಚಾಚಿದೆ.
ಬಾಗಿಲಿನಿಂದ ಒಂದೇ ಮಾತು, ಕೂಗಲೂ ಇಲ್ಲ:
"ಸ್ವಿಚ್ಚು."
ಒತ್ತಿದೆ. ಪ್ಲಗ್ಗೂ ಕಿತ್ತೆ. ಚಕ್ಕೆ ತೆಗೆದೆ.

ಲೈನ್‌ಮ್ಯಾನ್ ಬೇರೆ ದಾರಿಯಿಂದ ಕೊಟ್ಟನೋ ಏನೋ,
ಮೂರನೇ ಗುಟುಕಿಗೇ ಕರೆಂಟು ಬಂತು.
ಆಚೆ, ಯಾರೂ ಇಲ್ಲದ ಗಿರಣಿ
ತನ್ನಷ್ಟಕ್ಕೇ ತಿರುಗತೊಡಗಿತು.
ನಮ್ಮದು ಸುಮ್ಮನಿತ್ತು.
ಯಾರೂ ಏನೂ ಹೇಳಲಿಲ್ಲ. ಆಗದೇ ಹೋದದ್ದಕ್ಕೆ
ಹೇಳುವುದಾದರೂ ಏನಿರುತ್ತದೆ?
ನನ್ನ ಲೋಟದ ಚಹಾ ಮಾತ್ರ ಅಂಚು ದಾಟಿ ಚೆಲ್ಲುತ್ತಿತ್ತು.

ಸಂಜೆ ಅವರ ಬೆಂಚಿನ ಮೇಲ್ಗಡೆ ನೋಡಿದೆ.
ಸಾಲಾಗಿ ಮೊಳೆ, ಮೊಳೆಗೊಂದು ಹಳೆಯ ತಳ್ಳುಕೋಲು,
ಕಾಫಿ ಗಿಡದ ಬುಡದಲ್ಲಿ ಕೆತ್ತಿದ್ದು.
ಹಲಗೆಯ ಕೊನೆಯ ಗೇಣನ್ನು ದೂಡಿ ದೂಡಿ
ತುದಿಯೆಲ್ಲ ಹಲ್ಲು ಕಚ್ಚಿದ ಗಾಯ.
ಎಣಿಸಿದೆ, ಹದಿನೇಳು.
ಒಲೆಗಾದರೂ ಹಾಕಬಾರದೇ, ಅಂದೆ.

"ಕೈ ಕೊಡು."
ಒಂದನ್ನು ಇಳಿಸಿ, ಅದರ ಆಳದ ಕಚ್ಚಿನೊಳಗೆ
ನನ್ನ ತೋರುಬೆರಳನ್ನು ಅಡ್ಡಡ್ಡ ಇಟ್ಟರು.
ಅಳತೆ ತೆಗೆದು ಕೊರೆದ ಹಾಗೆ ಕೂತಿತು.

ಆಮೇಲೆ ಮೂಲೆಯ ರಾಶಿಯಿಂದ
ಇನ್ನೂ ಮಣ್ಣು ಮೆತ್ತಿದ ಕಾಫಿ ಬುಡ ಎಳೆದು ಹಾಕಿದರು:
"ನಿನ್ನದನ್ನು ನೀನೇ ಕೆತ್ತಿಕೋ.
ಗೇಣಿಗೆ ಕಡಿಮೆ ಬೇಡ."