ಹಿನ್ನೆಲೆಯ ಸದ್ದು

ಫಿಲೋಮಿನಾಳನ್ನು ನಾನು ಕಂಡದ್ದು ಎದೆಮಟ್ಟದವರೆಗೆ ಮಾತ್ರ,
ಮೂರು ವರ್ಷ, ವಾರಕ್ಕೈದು ದಿನ,
ಬೆಂಕಿಪೊಟ್ಟಣದಷ್ಟು ಚೌಕದಲ್ಲಿ.
ಅವಳು ಲಿಂಗರಾಜಪುರ, ನಾನು ಗಿರಿನಗರ,
ತಿಪ್ಪೇಶ ಹಿರಿಯೂರಿನಿಂದ, ಝರೀನಾ ಹೊಸಪೇಟೆಯಿಂದ.
ಕಾಣದವರ ಮುರಿದ ಕಾಲು, ಸೋತ ಕಿಡ್ನಿ,
ಆಸ್ಪತ್ರೆ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ ನಮ್ಮದು.
ಹನ್ನೊಂದಕ್ಕೆ ಸೇರುತ್ತೇವೆ, ಹನ್ನೊಂದೂಕಾಲಿಗೆ ಚದುರುತ್ತೇವೆ.
ಎದ್ದು ಹೋದಾಗ ಕುರ್ಚಿ ಸರಿದ ಸದ್ದೂ ಇಲ್ಲ.

ಆದರೂ ಕಿವಿಗೆ ಗೊತ್ತಿತ್ತು.
ತಿಪ್ಪೇಶ ಮೈಕು ತೆರೆದರೆ ಒಂದು ಕೋಳಿ.
ಝರೀನಾ ತೆರೆದರೆ ಮಗ್ಗಿ ಒಪ್ಪಿಸುವ ಹುಡುಗ,
ಏಳೆಂಟ್ಲಕ್ಕೆ ದಿನಾ ಮುಗ್ಗರಿಸುತ್ತಿದ್ದ,
ಐವತ್ತಾರು ಕಣೋ, ಅನ್ನುತ್ತಿದ್ದೆ ಬಾಯೊಳಗೇ.
ಫಿಲೋಮಿನಾಳ ಹಿಂದೆ ಹೊಲಿಗೆ ಮಿಷನ್ನು:
ಟಕಟಕಟಕ, ತಡೆದು, ಮತ್ತೆ ಟಕಟಕ.
ಅವಳಮ್ಮ ಇರಬೇಕು. ಕೇಳಿರಲಿಲ್ಲ.
ಕ್ಲೇಮ್ ನಂಬರ್ ಕೇಳುವುದು ಸುಲಭ.

ಮ್ಯಾನೇಜರ್ ಸುಧನ್ವನಿಗೂ ಪಾಪ ಚಿಂತೆ,
ಟೀಮು ಚೆಲ್ಲಾಪಿಲ್ಲಿ ಆಗಬಾರದೆಂದು
ಶುಕ್ರವಾರ ನಾಲ್ಕಕ್ಕೆ ಕಡ್ಡಾಯ ಖುಷಿ ಇಟ್ಟಿದ್ದ:
ಎರಡು ನಿಜ ಹೇಳಿ, ಒಂದು ಸುಳ್ಳು. ಉಳಿದವರು ಹಿಡಿಯಲಿ.
'ನಮ್ಮನೇಲಿ ಯಾವಾಗ್ಲೂ ನೆಂಟರು' ಅಂದೆ ನಾನು.
ಯಾರೂ ಹಿಡಿಯಲಿಲ್ಲ.

ಒಂದು ಮಂಗಳವಾರ ಮಿಷನ್ನು ನಿಂತಿತು.
ಬುಧವಾರವೂ ಇಲ್ಲ. ಗುರುವಾರ ಫಿಲೋಮಿನಾ
ಮುಗಿದದ್ದೆಷ್ಟು, ಬಾಕಿಯೆಷ್ಟು, ಎಂದಿನಂತೆ ಓದಿದಳು.
ಹಿಂದೆ ಕರೆಂಟು ಹೋದ ಗಿರಣಿಯಂಥ ಮೌನ.
'ಮನೇಲಿ ಎಲ್ಲಾ ಹುಷಾರಾ?' ಬರೆದೆ, ಅಳಿಸಿದೆ,
ಹೆಬ್ಬೆರಳಿನ ಚಿತ್ರವೊಂದು ಕಳಿಸಿ ಸುಮ್ಮನಾದೆ.
ದಿನಕ್ಕೆ ನಲವತ್ತು ರೋಗಿಗಳ ಕಾಗದ ತಿರುವುವ ತಲೆ,
ರಾತ್ರಿಯೆಲ್ಲ ಆ ಕಾಣದ ಮುದುಕಿಗೆ
ಒಂದೊಂದೇ ಕಾಯಿಲೆ ತೊಡಿಸಿ ನೋಡಿತು.

ಶನಿವಾರ ಬೀರು ತೆಗೆದೆ. ಯಾರದೋ ಗೃಹಪ್ರವೇಶದ
ರವಿಕೆ ಕಣ, ಮಡಿಕೆ ಬಿಚ್ಚದ್ದು.
ಹೋಗಲಿಕ್ಕೊಂದು ನೆಪ ಬೇಕಲ್ಲ.
ವಿಳಾಸ, ದೀಪಾವಳಿಗೆ ಕಂಪನಿ ದ್ರಾಕ್ಷಿ ಗೋಡಂಬಿ ಹಂಚಿದ
ಹಳೇ ಪಟ್ಟಿಯಲ್ಲಿತ್ತು.
ಶಿವಾಜಿನಗರದಲ್ಲಿ ಬಸ್ಸು ಬದಲಿಸಿ,
ಚರ್ಚಿನ ಹಿಂದಿನ ಗಲ್ಲಿ, ಇಸ್ತ್ರಿ ಗಾಡಿಯೆದುರಿನ ಮೆಟ್ಟಿಲು.
ಆರನೆಯದರಲ್ಲಿ ನಿಂತುಬಿಟ್ಟೆ.
ಟಕಟಕಟಕ.
ತಡೆದು, ಮತ್ತೆ.

ಅದು ನಿಂತೇ ಇರಲಿಲ್ಲವಂತೆ!
ಮಂಗಳವಾರ ಕಂಪನಿ ಹೊಸ ಸವಲತ್ತು ಹಾಕಿತ್ತಂತೆ,
ಬೇಡದ ಸದ್ದನ್ನೆಲ್ಲ ತಾನೇ ನುಂಗುವಂಥದು.
ಕೋಳಿಯೂ ಇರಲಿಲ್ಲ, ಮಗ್ಗಿಯೂ ಇರಲಿಲ್ಲ ಆ ವಾರ,
ಗಾಬರಿಯಲ್ಲಿ ನನಗದು ಹೊಳೆದೇ ಇರಲಿಲ್ಲ.

ಫಿಲೋಮಿನಾ ಬಾಗಿಲು ತುಂಬ ನಿಂತಿದ್ದಳು.
ಇಷ್ಟೆತ್ತರ ಇದ್ದಾಳೆಂದು ಯಾವ ಚೌಕ ಹೇಳಿತ್ತು?
'ನೀವಾ! ಒಂದು ಫೋನ್ ಮಾಡಬಾರದಾ ರೀ?'
ಆಮೇಲೆ ಟೀ ಸೋಸುತ್ತ, ಇತ್ತ ತಿರುಗದೆ:
'ನಿಮ್ಮ ಕಡೆಯಿಂದ ಯಾವತ್ತೂ ಏನೂ ಕೇಳ್ತಿರಲಿಲ್ಲ.
ಒಂದು ಗಡಿಯಾರ ಬಿಟ್ರೆ.
ನೆಂಟರು ಸುಳ್ಳು ಅಂತ ನಂಗೆ ಅವತ್ತೇ ಗೊತ್ತಿತ್ತು.'

ಆಗ್ನೇಸಮ್ಮ ಕನ್ನಡಕ ಹಣೆಗೇರಿಸಿ ಟೇಪು ಹಿಡಿದರು.
ಹೆಗಲು, ತೋಳು, ಎದೆಯ ಸುತ್ತು.
ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆಚ್ಚನೆ ಬೆರಳು.
'ನೆಟ್ಟಗೆ ನಿಲ್ಲಮ್ಮ. ಉಸಿರು ಬಿಡು.'
ಯಾವಾಗಿಂದ ಹಿಡಿದಿದ್ದೆನೋ,
ಬಿಟ್ಟೆ.

ಸೋಮವಾರ, ಹನ್ನೊಂದು. ಸುಧನ್ವ ಹುಬ್ಬು ಗಂಟಿಕ್ಕಿದ:
'ಯಾರದು ಇದು ಸದ್ದು? ಆ ಹೊಸಾದು ಆನ್ ಮಾಡ್ಕೊಳ್ಳಿ ಪ್ಲೀಸ್.'
ಫಿಲೋಮಿನಾಳ ಚೌಕದ ಅಂಚು ಹಸಿರಾಗಿ ಮಿನುಗುತ್ತಿತ್ತು.
ಅಲ್ಲೆಲ್ಲೋ ನನ್ನ ರವಿಕೆಗೆ
ಬಲತೋಳು ಕೂಡುತ್ತಿತ್ತು.
ಮೈಕು ತೆರೆದು,
'ನನ್ನದು' ಅಂದೆ.